ಕಾಲಹರಣವನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುವುದು ಹೇಗೆ: ವೃತ್ತಿಪರ ಫುಟ್‌ಬಾಲ್‌ನಿಂದ ಕಿರಿಯರ ಕ್ಲಬ್‌ವರೆಗೆ

ಒಂದು ಗೋಲಿನ ಮುನ್ನಡೆ, 80ನೇ ನಿಮಿಷ, ಗೋಲ್ ಕಿಕ್. ಕೀಪರ್ ಚೆಂಡನ್ನು ಎಡಗಡೆಯಿಂದ ಬಲಗಡೆಗೆ ಒಯ್ಯುತ್ತಾನೆ, ಕಾಲುಚೀಲ ಎಳೆದುಕೊಳ್ಳುತ್ತಾನೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬಂದು ಚೆಂಡನ್ನು ಅರ್ಧ ಇಂಚು ಸರಿಸುತ್ತಾನೆ. ಒಂದು ಕಡೆಯ ಅಭಿಮಾನಿಗಳಿಗೆ ಇದು ಮೋಸ, ಇನ್ನೊಂದು ಕಡೆಯವರಿಗೆ ಜಾಣತನ. ಪಂದ್ಯ ಮುಗಿದರೂ ಈ ಜಗಳ ಮುಗಿಯದಿರುವುದಕ್ಕೆ ಕಾರಣ, ಇಬ್ಬರ ಕೈಯಲ್ಲೂ ಲೆಕ್ಕ ಇಲ್ಲದಿರುವುದು. ಚೆಂಡು ನಿಜವಾಗಿ ಎಷ್ಟು ಹೊತ್ತು ಆಟದಲ್ಲಿತ್ತು ಎಂಬ ಒಂದೇ ಲೆಕ್ಕ ಸಿಕ್ಕರೆ ಕಾಲಹರಣದ ವಾದ ಬಗೆಹರಿಯುತ್ತದೆ. ಕಿರಿಯರ ಪಂದ್ಯದಲ್ಲಿ ಯಾವ ಹುಡುಗ ನಿಜಕ್ಕೂ ಚೆನ್ನಾಗಿ ಆಡಿದ ಎಂಬುದನ್ನು ಅಳೆಯಲೂ ಅದೇ ಲೆಕ್ಕ ಬೇಕು.

ಹಾಳೆ ಸಿದ್ಧಮಾಡಿಕೊಳ್ಳುವುದು

ಬೇಕಾದದ್ದು ಎರಡು ಸ್ಟಾಪ್‌ವಾಚ್, ಒಂದು ಹಾಳೆ, ಪೆನ್ಸಿಲ್. ಒಂದು ವಾಚ್ ಫೋನಿನದಾಗಿರಲಿ, ಇನ್ನೊಂದು ಕೈಗೆ ಕಟ್ಟಿದ್ದಾಗಿರಲಿ. ಒಂದೇ ಫೋನಿನಲ್ಲಿ ಎರಡನ್ನೂ ನಡೆಸಲು ಹೋದರೆ ಹತ್ತು ನಿಮಿಷದೊಳಗೆ ಲೆಕ್ಕ ಕೈತಪ್ಪುತ್ತದೆ. ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಪಂದ್ಯದ ನಿಮಿಷ, ಆಗಿನ ಸ್ಕೋರ್, ಯಾರ ಚೆಂಡು, ಯಾವ ಬಗೆ, ಎಷ್ಟು ಸೆಕೆಂಡ್. ಬಗೆಗೆ ಒಂದೊಂದು ಅಕ್ಷರ ಸಾಕು: ಥ್ರೋ-ಇನ್‌ಗೆ ಥ, ಗೋಲ್ ಕಿಕ್‌ಗೆ ಗ, ಕಾರ್ನರ್‌ಗೆ ಕ, ಫ್ರೀ ಕಿಕ್‌ಗೆ ಫ.

ಮೊದಲ ವಾಚ್ ಚೆಂಡು ಆಟದಲ್ಲಿದ್ದಾಗ ಮಾತ್ರ ಓಡಬೇಕು. ಎರಡನೆಯದು ಪ್ರತಿ ಬಾರಿ ಆಟ ನಿಂತಾಗ ಸೊನ್ನೆಯಿಂದ ಶುರುವಾಗಬೇಕು. ಚೆಂಡು ಪೂರ್ತಿಯಾಗಿ ಗೆರೆ ದಾಟಿದ ಕ್ಷಣ ಅಥವಾ ಸೀಟಿ ಊದಿದ ಕ್ಷಣ ಎರಡನೆಯದನ್ನು ಒತ್ತಿ. ಕಿಕ್ ಆದರೆ ಚೆಂಡು ಒದೆಸಿಕೊಂಡು ಕಣ್ಣಿಗೆ ಕಾಣುವಷ್ಟು ಕದಲಿದಾಗ, ಥ್ರೋ-ಇನ್ ಆದರೆ ಚೆಂಡು ಮೈದಾನದೊಳಗೆ ಬಂದಾಗ ನಿಲ್ಲಿಸಿ. ಗೋಲ್ ಕಿಕ್‌ನಲ್ಲಿ ಚೆಂಡು ಪೆನಾಲ್ಟಿ ಬಾಕ್ಸ್ ದಾಟುವವರೆಗೆ ಕಾಯುವ ಹಳೆಯ ಅಭ್ಯಾಸ ಬೇಡ. 2019ರಿಂದ ಅದು ಒದ್ದು ಕದಲಿದ ಕೂಡಲೇ ಆಟದಲ್ಲಿರುತ್ತದೆ.

ಒಂದು ತಂಡ ಎಷ್ಟು ಸೆಕೆಂಡ್ ತೆಗೆದುಕೊಂಡರೆ ಕಾಲಹರಣ? ಎಲ್ಲ ತಂಡಗಳಿಗೂ ಒಪ್ಪುವ ಒಂದು ಸಂಖ್ಯೆ ಹುಡುಕಲು ಹೋಗಬೇಡಿ. ಕೆಲವು ತಂಡಗಳು ಸ್ವಭಾವದಲ್ಲೇ ನಿಧಾನ. ಆ ತಂಡವನ್ನು ಅದೇ ಪಂದ್ಯದ ಅದೇ ತಂಡದೊಂದಿಗೆ ಹೋಲಿಸಿ. ಸ್ಕೋರ್ ಸಮವಾಗಿದ್ದಾಗ, ಅಂದರೆ ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲಿ, ಅವರ ಗೋಲ್ ಕಿಕ್‌ಗಳಿಗೆ 22 ಸೆಕೆಂಡ್ ಹಿಡಿಯುತ್ತಿತ್ತು ಎಂದಿಟ್ಟುಕೊಳ್ಳಿ. ಮುನ್ನಡೆ ಸಿಕ್ಕ ಮೇಲೆ ಅದು 38ಕ್ಕೆ ಏರಿದರೆ ಆ 16 ಸೆಕೆಂಡ್ ನಿಮ್ಮ ಪುರಾವೆ. ಹಿನ್ನಡೆಯಾದ ತಂಡದ ಥ್ರೋ-ಇನ್ 14ರಿಂದ 7ಕ್ಕೆ ಇಳಿದಿರುವುದೂ ಅದೇ ಹಾಳೆಯಲ್ಲಿ ಕಾಣುತ್ತದೆ. ಬೇಗ ಎಸೆಯುವುದು ಅವರಿಗೂ ಗೊತ್ತಿತ್ತು, ಬೇಕಾಗಿರಲಿಲ್ಲ ಅಷ್ಟೆ.

ಸರಾಸರಿ ತೆಗೆಯಬೇಡಿ, ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿ. ಯಾರೋ ಗಾಯಗೊಂಡು ಮೂರು ನಿಮಿಷ ನಿಂತುಹೋದ ಒಂದೇ ಫ್ರೀ ಕಿಕ್ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಒಂದು ಬಗೆಯಲ್ಲಿ ಮುನ್ನಡೆಗೆ ಮುಂಚೆ ಐದು, ಆಮೇಲೆ ಐದು ಸಿಗದಿದ್ದರೆ ತೀರ್ಪು ಕೊಡಬೇಡಿ. ಥ್ರೋ-ಇನ್ ಬೇಕಾದಷ್ಟು ಸಿಗುತ್ತವೆ, ಆದ್ದರಿಂದ ನಂಬಲು ಅವೇ ವಾಸಿ.

ಅಳತೆ ಕೆಡುವುದು ಹೆಚ್ಚಾಗಿ ಟಿವಿಯಿಂದ. ಚೆಂಡು ಹೊರಹೋದ ಕೂಡಲೇ ರಿಪ್ಲೇ ಹಾಕುತ್ತಾರೆ, ವಾಪಸ್ ಬರುವಷ್ಟರಲ್ಲಿ ಆಟ ಶುರುವಾಗಿರುತ್ತದೆ. ಅಂಥ ಸಾಲಿಗೆ ಪ್ರಶ್ನೆಚಿಹ್ನೆ ಹಾಕಿ ಲೆಕ್ಕದಿಂದ ಬಿಡಿ, ಊಹಿಸಿ ತುಂಬಬೇಡಿ. ಎರಡನೆಯ ತೊಡಕು ಚೆಂಡು ಸಿಗದಿರುವುದು: ಗ್ಯಾಲರಿಗೆ ಹೋದ ಚೆಂಡಿಗೆ ಆಟಗಾರ ಹೊಣೆಯಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಮೈದಾನದ ಸುತ್ತ ಕೋನ್‌ಗಳ ಮೇಲೆ ಹೆಚ್ಚುವರಿ ಚೆಂಡುಗಳನ್ನು ಇಡುವುದು ಈ ನೆಪವನ್ನು ತೆಗೆದುಹಾಕಲು. ಅಂಥ ವ್ಯವಸ್ಥೆ ಇರುವಲ್ಲಿ ಮಾತ್ರ ಸೀಟಿಯಿಂದ ಲೆಕ್ಕ ಹಿಡಿಯಿರಿ, ಇಲ್ಲದ ಕಡೆ ಚೆಂಡು ಆಟಗಾರನ ಕೈಗೆ ಬಂದ ಮೇಲೆ. ಮೂರನೆಯದು ಉದ್ದದ ಥ್ರೋ. ಎಸೆಯುವವನು ಇನ್ನೊಂದು ಬದಿಯಿಂದ ನಡೆದು ಬಂದು, ಟವೆಲ್‌ನಿಂದ ಚೆಂಡು ಒರೆಸಿ, ಸೆಂಟರ್ ಬ್ಯಾಕ್‌ಗಳು ಬಾಕ್ಸ್ ಸೇರುವವರೆಗೆ ಕಾಯುತ್ತಾನೆ. ಹಿನ್ನಡೆಯಲ್ಲಿದ್ದರೂ ಹೀಗೇ ಮಾಡುವ ತಂಡದ ಉದ್ದೇಶ ಗೋಲು, ಗಡಿಯಾರವಲ್ಲ. ಆದರೂ ನೋಡುವವರ ಹೊತ್ತು ಅಷ್ಟೇ ಹಾಳಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ.

ಕಾರ್ನರ್ ಧ್ವಜದ ಹತ್ತಿರ ಮೈ ಅಡ್ಡಕೊಟ್ಟು ಚೆಂಡು ಕಾಯುವುದು, ಹಿಂಬದಿಯಲ್ಲಿ ಪಾಸ್ ಆಡುತ್ತ ನಿಲ್ಲುವುದು, ಇವು ಹಾಳೆಗೆ ಬರುವುದಿಲ್ಲ. ಚೆಂಡು ಆಟದಲ್ಲಿದೆ, ಕಸಿದುಕೊಳ್ಳಲು ಎದುರಾಳಿಗೆ ಅವಕಾಶವಿದೆ. ಎದುರಾಳಿ ಏನೂ ಮಾಡಲಾಗದ ಹೊತ್ತಿನಲ್ಲಿ ಗಡಿಯಾರ ಓಡಿಸುವುದು ಮಾತ್ರ ಕಾಲಹರಣ.

ನಿಯಮಕ್ಕೆ ಎಲ್ಲಿ ಹಲ್ಲಿದೆ

ಇಡೀ ನಿಯಮಾವಳಿಯಲ್ಲಿ ಹಲ್ಲು ಚೂಪಾಗಿರುವುದು ಕೀಪರ್ ಕೈಯಲ್ಲಿನ ಚೆಂಡಿನ ವಿಚಾರದಲ್ಲಿ. 1990ರ ವಿಶ್ವಕಪ್‌ನಲ್ಲಿ ಡಿಫೆಂಡರ್ ಹಿಂದಕ್ಕೆ ಕೊಡುವುದು, ಕೀಪರ್ ಎತ್ತಿಕೊಳ್ಳುವುದು, ಮತ್ತೆ ಅದೇ ಎಂಬ ಆಟ ಕಂಡು ಬೇಸತ್ತ ಮೇಲೆ, 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು: ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ಕೀಪರ್ ಚೆಂಡನ್ನು ಕೈಯಲ್ಲಿ ಆರು ಸೆಕೆಂಡ್‌ಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಆಮೇಲಿನ ನಿಯಮ ಪುಸ್ತಕದಲ್ಲಿತ್ತು, ಮೈದಾನದಲ್ಲಿ ಇರಲಿಲ್ಲ. ಮೀರಿದರೆ ಶಿಕ್ಷೆ, ಬಾಕ್ಸ್ ಒಳಗೆ ಪರೋಕ್ಷ ಫ್ರೀ ಕಿಕ್ (ಇನ್ನೊಬ್ಬರು ಮುಟ್ಟಿದ ಮೇಲಷ್ಟೇ ಗೋಲು ಎಣಿಕೆಗೆ ಬರುವ ಕಿಕ್). ಎರಡು ಸೆಕೆಂಡ್ ತಡಕ್ಕೆ ಗೋಲಿನ ಬಾಯಲ್ಲೇ ಅಂಥ ಅವಕಾಶ ಕೊಡಲು ರೆಫ್ರಿಗಳಿಗೆ ಮನಸ್ಸಾಗುತ್ತಿರಲಿಲ್ಲ, ಕೊಟ್ಟರೆ ಗೋಡೆ ಕಟ್ಟುವ ಗಲಾಟೆಯಲ್ಲಿ ಇನ್ನೊಂದೆರಡು ನಿಮಿಷ ಹೋಗುತ್ತಿತ್ತು.

2025–26ರ ನಿಯಮಾವಳಿ ಇದನ್ನು ತಿರುಗಿಸಿತು. ಮಿತಿ ಎಂಟು ಸೆಕೆಂಡ್, ಮೀರಿದರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡ್‌ಗಳನ್ನು ರೆಫ್ರಿ ಕೈಯೆತ್ತಿ ಬೆರಳು ಮಡಚುತ್ತ ಎಣಿಸಬೇಕು. 2025ರ ಕ್ಲಬ್ ವಿಶ್ವಕಪ್‌ನಲ್ಲೇ ಇದು ಜಾರಿಯಲ್ಲಿತ್ತು. ಸಮಯ ಕೊಟ್ಟು ಶಿಕ್ಷೆ ಹಗುರ ಮಾಡಿದ್ದರಿಂದ ನಿಯಮಕ್ಕೆ ಜೀವ ಬಂತು. ಇತ್ತೀಚಿನ ಬದಲಾವಣೆಗಳಲ್ಲಿ ಜಾಣತನದ್ದು ಇದೊಂದೇ ಅನ್ನಬಹುದು.

ಅಭಿಮಾನಿಗಳು ತಪ್ಪುವುದು ಎಣಿಕೆ ಎಲ್ಲಿಂದ ಎಂಬುದರಲ್ಲಿ. ಗೋಲಿನತ್ತ ಬಂದ ಹೊಡೆತ ತಡೆದಾಗ ಕೈಗೆ ತಾಗಿ ಸಿಡಿದ ಚೆಂಡು ಹಿಡಿತವಲ್ಲ. ಕೈ ಮತ್ತು ನೆಲದ ನಡುವೆ ಅದುಮಿಟ್ಟರೂ, ಅಂಗೈ ಮೇಲೆ ಇಟ್ಟುಕೊಂಡರೂ, ನೆಲಕ್ಕೆ ಕುಟ್ಟುತ್ತಿದ್ದರೂ ಹಿಡಿತವೇ. ಹಿಡಿತ ಯಾವಾಗ ಸಿಕ್ಕಿತು ಎಂದು ತೀರ್ಮಾನಿಸುವುದು ರೆಫ್ರಿ, ಹಾಗಾಗಿ ನಿಮ್ಮ ಎಂಟಕ್ಕೂ ಅವರ ಎಂಟಕ್ಕೂ ಎರಡು ಸೆಕೆಂಡ್ ವ್ಯತ್ಯಾಸ ಬರುವುದು ಸಹಜ. ಎತ್ತಿದ ಕೈ ನೋಡಿ, ಅದು ಕಂಡಾಗ ಉಳಿದಿರುವುದು ಐದು. ಎದುರಾಳಿ ಅಡ್ಡ ನಿಂತು ಬಿಡುಗಡೆಗೆ ತಡೆ ಒಡ್ಡಿದರೆ ತಪ್ಪು ಎದುರಾಳಿಯದು.

ಚೆಂಡು ಕಾಲಿನಲ್ಲಿದ್ದಾಗ ಈ ಮಿತಿ ಇಲ್ಲ. ಕೀಪರ್ ಚೆಂಡನ್ನು ಪಾದದಡಿ ಇಟ್ಟುಕೊಂಡು ಅರ್ಧ ನಿಮಿಷ ನಿಂತರೂ ನಿಯಮದಂತೆ ಸರಿ, ಯಾಕೆಂದರೆ ಯಾರು ಬೇಕಾದರೂ ಹೋಗಿ ಕಸಿಯಬಹುದು. ಹಿನ್ನಡೆಯಲ್ಲಿರುವ ತಂಡದ ಫಾರ್ವರ್ಡ್ ಕೈ ಬೀಸಿ ರೆಫ್ರಿಗೆ ದೂರು ಹೇಳುತ್ತ ನಿಂತರೆ ಆ ಹೊತ್ತು ಹೋಗುವುದು ಅವನದೇ ಖಾತೆಯಿಂದ. ಅವನು ಮಾಡಬೇಕಾದದ್ದು ಓಡುವುದು. ಓಡಿದರೆ ಕೀಪರ್ ಒದೆಯಬೇಕು ಅಥವಾ ಎತ್ತಿಕೊಳ್ಳಬೇಕು, ಎತ್ತಿಕೊಂಡ ಕೂಡಲೇ ಎಂಟರ ಎಣಿಕೆ ಶುರು. ಒಮ್ಮೆ ಕೈಯಿಂದ ಬಿಟ್ಟ ಚೆಂಡನ್ನು ಬೇರೊಬ್ಬರು ಮುಟ್ಟುವ ಮುಂಚೆ ಮತ್ತೆ ಎತ್ತುವಂತಿಲ್ಲ ಎಂಬುದನ್ನೂ ಕಿರಿಯ ಫಾರ್ವರ್ಡ್‌ಗಳಿಗೆ ಹೇಳಿಕೊಡಬೇಕು. ಕೀಪರ್ ಚೆಂಡನ್ನು ನೆಲಕ್ಕೆ ಹಾಕಿದ ಕ್ಷಣವೇ ಅವರಿಗೆ ಹಸಿರು ದೀಪ.

ಉಳಿದ ಕಡೆ ಹಳದಿ ಕಾರ್ಡೇ ಅಸ್ತ್ರ. 2025–26ರ ಪುಸ್ತಕದಲ್ಲಿ ಥ್ರೋ-ಇನ್‌ಗೂ ಗೋಲ್ ಕಿಕ್‌ಗೂ ಸೆಕೆಂಡಿನ ಮಿತಿ ಇರಲಿಲ್ಲ, ವಿಪರೀತ ತಡ ಎಂಬುದು ರೆಫ್ರಿಯ ಅಂದಾಜಾಗಿತ್ತು. ಆದರೆ ಕೆಲವು ಕೆಲಸಗಳನ್ನು ಹೆಸರಿಸಿಯೇ ಹೇಳಿದೆ: ಥ್ರೋ ಎಸೆಯುವಂತೆ ನಟಿಸಿ ಕೊನೆಗೆ ಚೆಂಡನ್ನು ಜೊತೆಯವನಿಗೆ ಬಿಟ್ಟುಹೋಗುವುದು, ಬದಲಿಯಾಗಿ ಹೊರಹೋಗುವಾಗ ತಡಮಾಡುವುದು, ಸೀಟಿ ಊದಿದ ಮೇಲೆ ಚೆಂಡನ್ನು ಒದ್ದೋ ಹೊತ್ತೊಯ್ದೋ ದೂರಮಾಡುವುದು, ಮತ್ತೆ ತೆಗೆಸಲಿ ಎಂದೇ ತಪ್ಪು ಜಾಗದಿಂದ ಫ್ರೀ ಕಿಕ್ ತೆಗೆಯುವುದು. ಬದಲಿಯಾಗುವವನು ಬೆಂಚಿನ ತನಕ ನಡೆದುಹೋಗುವ ಹಕ್ಕೂ 2019ರಲ್ಲಿ ಹೋಯಿತು. ರೆಫ್ರಿ ಬೇರೆ ಹೇಳದಿದ್ದರೆ ಹತ್ತಿರದ ಗೆರೆ ದಾಟಬೇಕು. ಮೂಲೆಯಲ್ಲಿದ್ದವನು ಮೈದಾನದ ಅಡ್ಡಗಲ ದಾಟಿ ಎಲ್ಲರ ಕೈಕುಲುಕುತ್ತ ಬಂದರೆ ಅದು ಕಾರ್ಡಿನ ಕೆಲಸ.

ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಈ ಪಾಠಗಳನ್ನು ದುಬಾರಿ ಬೆಲೆ ಕೊಟ್ಟು ಕಲಿತಿದೆ. 2023ರ ಆಗಸ್ಟ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಮುನ್ನಡೆಯಲ್ಲಿದ್ದಾಗ ಒಂದು ಥ್ರೋ-ಇನ್‌ಗೆ ಚೆಂಡು ಮೊದಲು ಕೈ ಹಾವರ್ಟ್ಜ್ ಬಳಿ ಇತ್ತು, ಅವರು ಅದನ್ನು ತಕೆಹಿರೊ ತೊಮಿಯಾಸುಗೆ ಬಿಟ್ಟರು. ತೊಮಿಯಾಸು ಹಿಡಿದುಕೊಂಡಿದ್ದು ಕೆಲವೇ ಸೆಕೆಂಡ್, ಆದರೆ ತಡದ ಹಳದಿ ಬಿದ್ದದ್ದು ಅವರಿಗೆ. ಸ್ವಲ್ಪ ಹೊತ್ತಿನಲ್ಲೇ ಎರಡನೇ ಹಳದಿ ಬಂದು ಹೊರನಡೆದರು. ತಡವನ್ನು ರೆಫ್ರಿ ತಂಡದ ಲೆಕ್ಕದಲ್ಲಿ ನೋಡುತ್ತಾರೆ, ಕಾರ್ಡ್ ಮಾತ್ರ ಕೊನೆಗೆ ಚೆಂಡು ಹಿಡಿದವನಿಗೆ. ಮರುವರ್ಷ ಬ್ರೈಟನ್ ಎದುರು ಡೆಕ್ಲನ್ ರೈಸ್, ಮ್ಯಾಂಚೆಸ್ಟರ್ ಸಿಟಿ ಎದುರು ಲಿಯಾಂಡ್ರೊ ಟ್ರೊಸಾರ್ಡ್ ಚೆಂಡು ದೂರಮಾಡಿದ್ದಕ್ಕೆ ಎರಡನೇ ಹಳದಿ ಪಡೆದರು. ರೈಸ್ ಕಾಲು ತಾಗಿಸಿದ್ದು ತೀರಾ ಹಗುರವಾಗಿ. ಈಗಾಗಲೇ ಒಂದು ಹಳದಿ ಇರುವವನು ಸೀಟಿ ಊದಿದ ಮೇಲೆ ಚೆಂಡಿನಿಂದ ಎರಡು ಹೆಜ್ಜೆ ದೂರ ಸರಿಯುವುದನ್ನು ಅಭ್ಯಾಸದಲ್ಲೇ ರೂಢಿಸಿಕೊಳ್ಳಬೇಕು.

ಗಾಯದ ನಾಟಕದಲ್ಲಿ ನಿಯಮ ಸೋಲುತ್ತದೆ. ಮೈದಾನದಲ್ಲಿ ಚಿಕಿತ್ಸೆ ಪಡೆದವನು ಹೊರಗೆ ಹೋಗಬೇಕು; ಪ್ರೀಮಿಯರ್ ಲೀಗ್ ಇದಕ್ಕೆ ಕನಿಷ್ಠ 30 ಸೆಕೆಂಡ್ ಹೊರಗಿರಬೇಕೆಂಬ ಷರತ್ತು ಸೇರಿಸಿತು. ಅಮೆರಿಕದ ಎಂಎಲ್‌ಎಸ್ ಲೀಗ್ 2024ರಲ್ಲಿ ಇನ್ನೂ ಬಿಗಿ ಮಾಡಿತು: ಬದಲಿಯಾಗುವವನು 10 ಸೆಕೆಂಡ್‌ನಲ್ಲಿ ಹೊರಹೋಗದಿದ್ದರೆ ಒಳಬರುವವನು 60 ಸೆಕೆಂಡ್ ಕಾಯಬೇಕು. ಅಷ್ಟು ಹೊತ್ತು ತಂಡದಲ್ಲಿ ಹತ್ತೇ ಜನ. ಆದರೆ ಚಿಕಿತ್ಸೆಯ ನಂತರ ಹೊರಹೋಗುವ ನಿಯಮ ಕೀಪರ್‌ಗೆ ಅನ್ವಯಿಸುವುದಿಲ್ಲ, ಅವನಿಲ್ಲದೆ ಆಟ ಶುರುಮಾಡಲಾಗದು. ಹಾಗಾಗಿ ಎದುರಾಳಿಯ ಒತ್ತಡ ಏರಿದಾಗ ಕೀಪರ್ ಕೂರುತ್ತಾನೆ, ಉಳಿದ ಹತ್ತೂ ಜನ ಟಚ್‌ಲೈನ್‌ಗೆ ಬಂದು ಕೋಚ್ ಮಾತು ಕೇಳುತ್ತಾರೆ. ಹಾಳೆಯಲ್ಲಿ ಇದಕ್ಕೊಂದು ಗುರುತು ಇಟ್ಟುಕೊಳ್ಳಿ: ಕೀಪರ್ ಬಿದ್ದಾಗ ಹತ್ತಿರ ಯಾರಾದರೂ ಇದ್ದರೇ, ಅವನ ಕೋಚ್ ಮೊದಲೇ ಗೆರೆಯ ಬಳಿ ನಿಂತಿದ್ದರೇ? ತಲೆಗೆ ಪೆಟ್ಟು ಬಿದ್ದ ಸಂದರ್ಭವನ್ನು ಮಾತ್ರ ಯಾವತ್ತೂ ಕಾಲಹರಣಕ್ಕೆ ಸೇರಿಸಬೇಡಿ.

ಬೋರ್ಡಿನಲ್ಲಿ ಕಾಣುವ ನಿಮಿಷ

ಪ್ರತಿ ಅರ್ಧದ ಕೊನೆಗೆ ನಾಲ್ಕನೇ ಅಧಿಕಾರಿ ಬೋರ್ಡಿನಲ್ಲಿ ಎತ್ತುವ ಹೆಚ್ಚುವರಿ ನಿಮಿಷಗಳ ಸಂಖ್ಯೆ ಕನಿಷ್ಠ. ರೆಫ್ರಿ ಅದನ್ನು ಹೆಚ್ಚಿಸಬಹುದು, ಇಳಿಸುವಂತಿಲ್ಲ. ಬದಲಿ ಆಟಗಾರರು, ಗಾಯ, ಕಾರ್ಡ್, ವಿಎಆರ್ (ವಿಡಿಯೊ ರೆಫ್ರಿ) ಪರಿಶೀಲನೆ, ಗೋಲಿನ ಸಂಭ್ರಮ, ನೀರಿನ ವಿರಾಮ, ಕಾಲಹರಣ ಇವೆಲ್ಲ ಅದಕ್ಕೆ ಸೇರಬೇಕು. ಪ್ರತಿ ಥ್ರೋ-ಇನ್ನಿನ ಮಾಮೂಲು ಸೆಕೆಂಡ್‌ಗಳು ಸೇರುವುದಿಲ್ಲ. ಚೆಂಡು ಹೊರಗಿದ್ದ ಒಟ್ಟು ಹೊತ್ತನ್ನು ಬೋರ್ಡಿನ ಸಂಖ್ಯೆಗೆ ಹೋಲಿಸಿ ಇಪ್ಪತ್ತು ನಿಮಿಷ ಕದ್ದರು ಎಂದು ಕೂಗುವುದು ಇದೇ ಕಾರಣಕ್ಕೆ ತಪ್ಪು. ದೊಡ್ಡ ಲೀಗ್‌ಗಳ ಪಂದ್ಯದಲ್ಲೂ ಚೆಂಡು ಆಟದಲ್ಲಿರುವುದು ಹೆಚ್ಚುಕಡಿಮೆ 55ರಿಂದ 60 ನಿಮಿಷ.

2022ರ ಕತಾರ್ ವಿಶ್ವಕಪ್‌ನಲ್ಲಿ ಫಿಫಾ ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಹಿಡಿಯಲು ಹೇಳಿತು. ಇಂಗ್ಲೆಂಡ್–ಇರಾನ್ ಪಂದ್ಯದ ಮೊದಲಾರ್ಧಕ್ಕೆ 14 ನಿಮಿಷ ಸೇರಿತು, ಬಹುಪಾಲು ಇರಾನ್ ಕೀಪರ್ ಅಲಿರೆಜಾ ಬೈರಾನ್‌ವಂದ್ ತಲೆಗೆ ಪೆಟ್ಟು ಬಿದ್ದು ನಿಂತ ಆಟಕ್ಕಾಗಿ. ನಿಮ್ಮ ಅಂದಾಜಿಗೆ ಒಂದು ಸುಲಭ ದಾರಿ: ಪ್ರತಿ ಬದಲಿ ವಿರಾಮಕ್ಕೆ 30 ಸೆಕೆಂಡ್ ಹಿಡಿಯಿರಿ, ಒಂದೇ ಸಲ ಮೂವರು ಬದಲಾದರೂ ವಿರಾಮ ಒಂದೇ. ಗೋಲು, ಗಾಯ, ವಿಎಆರ್‌ಗೆ ವಾಚಿನಲ್ಲಿ ಬಂದದ್ದನ್ನೇ ಸೇರಿಸಿ. ಬೋರ್ಡಿಗೂ ನಿಮಗೂ ಒಂದು ನಿಮಿಷದ ಅಂತರವಿದ್ದರೆ ಸುಮ್ಮನಿರಿ, ಮೂರಿದ್ದರೆ ಮಾತನಾಡಿ. ಹೀಗೆ ಸೇರಿಸಿದ ಇಂಜುರಿ ಟೈಮ್‌ನೊಳಗೇ ಹೊತ್ತು ಹಾಳಾದರೆ ಅದಕ್ಕೂ ಸೇರ್ಪಡೆ ಇದೆ. ಬೋರ್ಡಿನಲ್ಲಿ ಆರು ಎಂದಿದ್ದು, ಆರನೇ ನಿಮಿಷ ಮುಗಿದರೂ ರೆಫ್ರಿ ಸೀಟಿ ಊದದಿರುವುದು ಪಕ್ಷಪಾತವಲ್ಲ.

ನಿಮಿಷ ಮರಳಿ ಬಂದರೂ ಲಯ ಮರಳಿ ಬರುವುದಿಲ್ಲ. ಮುನ್ನುಗ್ಗುತ್ತಿದ್ದ ತಂಡ ನಲವತ್ತು ಸೆಕೆಂಡ್ ನಿಂತರೆ ಎದುರಿನ ಡಿಫೆನ್ಸ್ ಸರಿಹೋಗಿರುತ್ತದೆ. ಕೋಚ್‌ಗಳು ಕಾಲಹರಣ ಬಿಡದಿರುವುದು ಈ ಕಾರಣಕ್ಕೆ.

ಕಿರಿಯರ ಪಂದ್ಯಕ್ಕೆ ಬಂದರೆ

ಇಲ್ಲಿ ನಾಲ್ಕನೇ ಅಧಿಕಾರಿ ಇಲ್ಲ, ವಿಎಆರ್ ಇಲ್ಲ, ಎಷ್ಟೋ ಸಲ ಎರಡನೇ ಚೆಂಡೂ ಇಲ್ಲ. ಪಂದ್ಯವೂ ಚಿಕ್ಕದು. ಒಂದು ಅರ್ಧ 30 ನಿಮಿಷದ್ದಾದರೆ ಅದರಲ್ಲಿ ಐದು ನಿಮಿಷ ಹೋದರೆ ಮಕ್ಕಳಿಗೆ ಸಿಗಬೇಕಾದ ಆಟದ ಆರನೇ ಒಂದು ಭಾಗ ಹೋಯಿತು. ಆಯೋಜಕರು ಮಾಡಬೇಕಾದದ್ದು ಕಡಿಮೆ ಖರ್ಚಿನದು: ಎಂಟು ಚೆಂಡು, ಪ್ರತಿ ಟಚ್‌ಲೈನ್‌ಗೆ ಎರಡು, ಪ್ರತಿ ಗೋಲಿನ ಹಿಂದೆ ಎರಡು, ಒಳಗಿನದಕ್ಕಿಂತ ಭಿನ್ನ ಗಾಳಿಯೊತ್ತಡ ಇಲ್ಲದಂತೆ ಮೊದಲೇ ಪರೀಕ್ಷಿಸಿ. ಚೆಂಡು ಸಮತಟ್ಟಾದ ಕೋನ್ ಮೇಲೆ ಕೂರಲಿ, ಪೋಷಕರ ಕೈಯಲ್ಲಿ ಬೇಡ. ಸ್ಕೋರ್ ನೋಡಿಕೊಂಡು ಚೆಂಡು ಕೊಡುವ ಪೋಷಕರು ಎಲ್ಲ ಕ್ಲಬ್‌ನಲ್ಲೂ ಇದ್ದಾರೆ. ರೆಫ್ರಿ ಎರಡು ವಾಚ್ ಕಟ್ಟಲಿ, ಒಂದು ನಿಲ್ಲದೆ ಓಡಲಿ, ಇನ್ನೊಂದು ದೊಡ್ಡ ವಿರಾಮಗಳಲ್ಲಿ ನಿಲ್ಲಲಿ. ಎರಡರ ಅಂತರವೇ ಸೇರಿಸಬೇಕಾದ ಹೊತ್ತು.

ಹೊರಹೋದವರು ಮತ್ತೆ ಒಳಬರಬಹುದಾದ ಬದಲಿ ವ್ಯವಸ್ಥೆ ಕಿರಿಯರಲ್ಲಿ ಸಾಮಾನ್ಯ. ಕೊನೆಯ ಹತ್ತು ನಿಮಿಷದಲ್ಲಿ ಒಬ್ಬೊಬ್ಬರನ್ನೇ ಬದಲಿಸುತ್ತ ಕೂರುವ ಕೋಚ್‌ಗಳಿಗೆ ಅದು ವರ. ಬದಲಿಯವನು ಮಧ್ಯಗೆರೆಯಲ್ಲಿ ಸಿದ್ಧನಿಲ್ಲದಿದ್ದರೆ ಆ ವಿರಾಮದಲ್ಲಿ ಬದಲಾವಣೆ ಇಲ್ಲ ಎಂದು ಪಂದ್ಯಕ್ಕೆ ಮುಂಚೆಯೇ ಇಬ್ಬರಿಗೂ ಹೇಳಿಬಿಡಿ. ಹಳದಿ ಕಾರ್ಡಿನ ತಪ್ಪಿಗೆ ತಾತ್ಕಾಲಿಕವಾಗಿ ಹೊರಗೆ ಕೂರಿಸುವುದಕ್ಕೂ ಕಿರಿಯರ ಫುಟ್‌ಬಾಲ್‌ನಲ್ಲಿ ಅವಕಾಶವಿದೆ, ಒಟ್ಟು ಆಟದ 10ರಿಂದ 15 ಶೇಕಡಾ ಹೊತ್ತು. 60 ನಿಮಿಷದ ಪಂದ್ಯದಲ್ಲಿ ಆರರಿಂದ ಒಂಬತ್ತು ನಿಮಿಷ. ಚೆಂಡು ಒದ್ದು ದೂರಮಾಡಿದ ಹುಡುಗನಿಗೆ ಬರೀ ಕಾರ್ಡಿಗಿಂತ ಇದು ಬೇಗ ಅರ್ಥವಾಗುತ್ತದೆ.

ಮುನ್ನಡೆ ಕಾಯುವುದನ್ನು ಮಕ್ಕಳಿಗೆ ಕಲಿಸಬಾರದೆಂದಲ್ಲ, ಚೆಂಡು ಇಟ್ಟುಕೊಂಡು ಕಲಿಸಬೇಕು. ಅಭ್ಯಾಸ ಹೀಗೆ: 40 ಮೀಟರ್ ಉದ್ದ, 30 ಮೀಟರ್ ಅಗಲ, ಆರು ಎದುರು ಆರು, ಐದು ನಿಮಿಷ, ಒಂದು ತಂಡ 1–0 ಮುಂದಿದೆ ಎಂದು ಶುರು. ಹೊರಹೋದ ಚೆಂಡು ಐದು ಸೆಕೆಂಡ್‌ನಲ್ಲಿ ಒಳಬರದಿದ್ದರೆ ಎದುರಾಳಿಗೆ. ಸಾಲಾಗಿ ಎಂಟು ಪಾಸ್ ಆದರೆ ಮುಂದಿರುವ ತಂಡಕ್ಕೆ ಇನ್ನೊಂದು ಅಂಕ. ಮೊದಲೆರಡು ಸುತ್ತು ಹುಡುಗರು ಗಾಬರಿಯಲ್ಲಿ ಮುಂದಕ್ಕೆ ಬಾರಿಸುತ್ತಾರೆ, ತಡೆಯಬೇಡಿ. ಚೆಂಡು ಕಳೆದುಕೊಂಡಷ್ಟೂ ಬೆನ್ನಟ್ಟಬೇಕೆಂದು ಕಾಲಿಗೇ ಗೊತ್ತಾಗುತ್ತದೆ. ಫುಟ್‌ಸಾಲ್ (ಒಳಾಂಗಣದ ಐವರ ಫುಟ್‌ಬಾಲ್) ಆಡಿದ ಮಕ್ಕಳಿಗೆ ಇದು ಸುಲಭ: ಅಲ್ಲಿ ಚೆಂಡು ಒಳತರಲು ನಾಲ್ಕೇ ಸೆಕೆಂಡ್, ಆಟ ನಿಂತರೆ ಗಡಿಯಾರವೂ ನಿಲ್ಲುತ್ತದೆ.

ಇನ್ನು ಪ್ರತಿಭೆ ಗುರುತಿಸುವ ವಿಚಾರ. ಅತಿ ಸಾಮಾನ್ಯ ತಪ್ಪು ಎಂದರೆ ಗೋಲು ಮತ್ತು ಮೈಕಟ್ಟು ನೋಡಿ ಮರುಳಾಗುವುದು. ವಯೋಮಿತಿಯ ಗಡಿ ದಿನಾಂಕದ ನಂತರ ಬೇಗ ಹುಟ್ಟಿದ ಮಕ್ಕಳು ಅದೇ ಗುಂಪಿನ ಕಿರಿಯರಿಗಿಂತ ಹತ್ತು ಹನ್ನೊಂದು ತಿಂಗಳು ದೊಡ್ಡವರು. ಅಕಾಡೆಮಿಗಳಲ್ಲಿ ಅಂಥವರ ಸಂಖ್ಯೆ ಹೆಚ್ಚಿರುವುದು ಮತ್ತೆ ಮತ್ತೆ ಕಂಡುಬಂದ ಸಂಗತಿ. ಹನ್ನೆರಡನೇ ವಯಸ್ಸಿನಲ್ಲಿ ಓಡಿಯೇ ಎಲ್ಲರನ್ನೂ ದಾಟುವವನಿಗೆ ಹದಿನಾರರಲ್ಲಿ ಉಳಿದವರು ಬೆಳೆದು ನಿಂತಾಗ ಬೇರೆ ಉಪಾಯ ಇರುವುದಿಲ್ಲ. ಇದಕ್ಕಾಗಿಯೇ ಇಂಗ್ಲೆಂಡಿನ ಅಕಾಡೆಮಿಗಳು ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸುವ ಪ್ರಯೋಗ ನಡೆಸಿವೆ. ಹುಟ್ಟಿದ ತಿಂಗಳು ಗೊತ್ತಾಗುವವರೆಗೆ ವೇಗದ ಬಗ್ಗೆ ತೀರ್ಪು ಬರೆಯಬೇಡಿ.

ಒಬ್ಬನನ್ನೇ ಹದಿನೈದು ನಿಮಿಷ ನೋಡಿ. ಚೆಂಡು ಎಲ್ಲಿದ್ದರೂ ಕಣ್ಣು ಅವನ ಮೇಲೆ. ಮೂರು ಎಣಿಕೆ ಸಾಕು: ಚೆಂಡು ಬರುವ ಮುಂಚಿನ ಹತ್ತು ಸೆಕೆಂಡ್‌ನಲ್ಲಿ ತಲೆ ತಿರುಗಿಸಿ ಸುತ್ತ ನೋಡಿದ್ದು ಎಷ್ಟು ಸಲ, ಮೊದಲ ಸ್ಪರ್ಶದಲ್ಲೇ ಮುಂದಕ್ಕೆ ತಿರುಗಿದ್ದು ಎಷ್ಟು ಸಲ, ಚೆಂಡು ಕಳೆದುಕೊಂಡ ಐದು ಸೆಕೆಂಡ್‌ನಲ್ಲಿ ಏನು ಮಾಡಿದ. ಆಮೇಲೆ ಮೊದಲ ವಾಚಿನ ಲೆಕ್ಕ ತನ್ನಿ. ಒಬ್ಬ ಹುಡುಗ ಒಂದು ಪಂದ್ಯದಲ್ಲಿ 30 ಸಲ ಚೆಂಡು ಮುಟ್ಟಿದ, ಇನ್ನೊಬ್ಬ ಬೇರೆ ಪಂದ್ಯದಲ್ಲಿ 24 ಸಲ ಅಂದುಕೊಳ್ಳಿ. ಮೊದಲನೆಯ ಪಂದ್ಯದಲ್ಲಿ ಚೆಂಡು 40 ನಿಮಿಷ ಆಟದಲ್ಲಿತ್ತು, ಎರಡನೆಯದರಲ್ಲಿ 26 ನಿಮಿಷ. ಭಾಗಿಸಿದರೆ ನಿಮಿಷಕ್ಕೆ 0.75 ಮತ್ತು 0.92. ಹಾಳೆಯಲ್ಲಿ ಹಿಂದೆ ಕಂಡವನೇ ಆಟದಲ್ಲಿ ಹೆಚ್ಚು ತೊಡಗಿದ್ದ. ಸೋಲುವ ತಂಡದಲ್ಲಿ, ಹೊತ್ತು ಕೊಲ್ಲುವ ಎದುರಾಳಿಯ ಎದುರು ಆಡುವ ಮಕ್ಕಳು ಈ ಭಾಗಾಕಾರ ಮಾಡದೆಹೋದರೆ ಯಾವತ್ತೂ ಕಡಿಮೆಯಾಗಿಯೇ ಕಾಣುತ್ತಾರೆ. ಕೀಪರ್ ಮತ್ತು ಸೆಂಟರ್ ಬ್ಯಾಕ್‌ಗಳಿಗೆ ಇದು ಒಪ್ಪುವುದಿಲ್ಲ, ಅವರ ಕೆಲಸ ಸ್ಪರ್ಶದಲ್ಲಿ ಅಳೆಯುವಂಥದ್ದಲ್ಲ.

ಕನಿಷ್ಠ ಮೂರು ಪಂದ್ಯ ನೋಡಿ, ಗೆಲ್ಲುವಾಗ ಒಂದು, ಸೋಲುವಾಗ ಒಂದು, ಬೇರೆ ಸ್ಥಾನದಲ್ಲಿ ಆಡಿದ್ದು ಒಂದು. ಟಿಪ್ಪಣಿಯನ್ನು ಬೇರೆಯವರೊಂದಿಗೆ ಹಂಚಿಕೊಳ್ಳುವಾಗ ಶರ್ಟ್ ಸಂಖ್ಯೆ ಮತ್ತು ವಯೋಗುಂಪು ಮಾತ್ರ ಬರೆಯಿರಿ. ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ವಿಡಿಯೊ ಇವು ಕ್ಲಬ್ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ ಹೊರಹೋಗಬಾರದು.